ಅಕ್ಟೋಬರಿನ ಅಳಿವೆ: ಮೊದಲು ಉಬ್ಬರದ ಹೊತ್ತು ನೋಡಿ

ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ವಲಸೆ ಹಕ್ಕಿ ನೋಡಲು ಬರುವವರು ಹೆಚ್ಚಾಗಿ ಬೆಳಿಗ್ಗೆ ಆರಕ್ಕೇ ಬಂದು ನಿಲ್ಲುತ್ತಾರೆ. ಶಿರಸಿಯ ಕಾಡಿಗೆ ಆ ಲೆಕ್ಕ ಸರಿ. ಕೆಸರಿನಲ್ಲಿ ಮೇಯುವ ಹಕ್ಕಿಗಳಿಗೆ ಮಾತ್ರ ಹಗಲು ರಾತ್ರಿಗಿಂತ ನೀರು ಮುಖ್ಯ. ಪೂರ್ತಿ ಇಳಿತವಿದ್ದಾಗ ಅವು ತದಡಿಯ ಸುತ್ತಲಿನ ಕೆಸರು ಬಯಲಲ್ಲೆಲ್ಲ ಚದುರಿ, ಸ್ಕೋಪಿನಲ್ಲೂ ಬರೀ ಚುಕ್ಕೆಗಳಾಗುತ್ತವೆ. ಉಬ್ಬರ ತುಂಬಿದ ಮೇಲೆ ಬಯಲೇ ಇರುವುದಿಲ್ಲ. ತುಂಬುವ ಮೊದಲಿನ ಎರಡು ಗಂಟೆಯೇ ಒಳ್ಳೆಯ ಹೊತ್ತು. ನೀರು ಏರಿದಂತೆ ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ. ನೀವು ಬಿಸಿಲಿಗೆ ಬೆನ್ನು ಮಾಡಿ ಒಂದೇ ಕಡೆ ಕೂತರೆ ಸಾಕು.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕಾರವಾರದ ಉಬ್ಬರ-ಇಳಿತದ ಪಟ್ಟಿ ಹಿಡಿದು ಹೊರಡಿ, ಆದರೆ ಅಳಿವೆಯ ಒಳಗೆ ನೀರು ಏರುವುದು ತುಸು ತಡ. ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ಜೋರು ಉಬ್ಬರದಲ್ಲಿ ಹಕ್ಕಿಗಳು ಸಾಣಿಕಟ್ಟಾದ ಉಪ್ಪಿನಾಗರದ ಬದುಗಳ ಮೇಲೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟುಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಆಗ ಹತ್ತಿರ ಹೋಗಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದವು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತದು. ಒಮ್ಮೆ ಎಬ್ಬಿಸಿದರೆ ಕೂರಲು ಇನ್ನೊಂದು ಒಣ ಜಾಗ ಸಿಗುವುದು ಕಷ್ಟ. ಮರಳನ್ನೇ ನೆಚ್ಚಿಕೊಂಡ ಸ್ಯಾಂಡರ್ಲಿಂಗ್, ಕಡಲಕ್ಕಿ (ಗಲ್), ರೀವ (ಟರ್ನ್)ಗಳಿಗೆ ಕಾರವಾರದ ಕಾಳಿ ಅಳಿವೆ, ದೇವಬಾಗದ ಕಡೆಯ ಮರಳು ದಿಣ್ಣೆ ಉತ್ತಮ.

ಆಗಸ್ಟಿನಲ್ಲೇ ಮೊದಲು ಇಳಿಯುವವು ವಯಸ್ಕ ಹಕ್ಕಿಗಳು. ಸ್ಯಾಂಡ್ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಎದೆಯಲ್ಲಿ ಮರಿ ಮಾಡುವ ಕಾಲದ ಕೆಂಪು ಇನ್ನೂ ತೇಪೆ ತೇಪೆಯಾಗಿ ಉಳಿದಿರುತ್ತದೆ. ಅದೇ ವರ್ಷ ಹುಟ್ಟಿದ ಮರಿಗಳು ವಾರಗಟ್ಟಲೆ ತಡವಾಗಿ, ತಾವೇ ದಾರಿ ಹುಡುಕಿಕೊಂಡು ಬರುತ್ತವೆ. ಅಕ್ಟೋಬರಿನಲ್ಲಿ ಎರಡೂ ಒಟ್ಟಿಗೆ ಇರುವುದರಿಂದಲೇ ಹಕ್ಕಿ ಹಿಡಿದು ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡುವ ಕೆಲಸಕ್ಕೆ ಈ ತಿಂಗಳು ಇಷ್ಟು ಬೆಲೆಯುಳ್ಳದ್ದು.

ಈ ಕೆಲಸವನ್ನು ಯಾರು ಬೇಕಾದರೂ ಮಾಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಹಕ್ಕಿ ಹಿಡಿಯುವುದು ಅಪರಾಧ. ಆಸಕ್ತಿಯಿದ್ದವರು ಅನುಮತಿ ಪಡೆದ ತಂಡದ ಜೊತೆ ಸಹಾಯಕರಾಗಿ ಹೋಗಿ ಕಲಿಯಬೇಕು.

ಕೆಸರು ಹಕ್ಕಿಗಳಿಗೆ ಮಿಸ್ಟ್ ನೆಟ್ (ಕಂಬಗಳ ನಡುವೆ ಕಟ್ಟುವ ತೆಳು ಬಲೆ) ಹಾಕುವುದು ಕತ್ತಲಲ್ಲಿ. ಅಮಾವಾಸ್ಯೆಯ ಆಸುಪಾಸು ಕತ್ತಲೂ ಇರುತ್ತದೆ, ರಾತ್ರಿಯ ಉಬ್ಬರವೂ ಜೋರಾಗಿ ತುಂಬಿ ಹಕ್ಕಿಗಳು ಬದುಗಳ ಮೇಲೆ ಹಾರಾಡುತ್ತವೆ. ಅಪಾಯವೂ ಅಲ್ಲೇ ಇದೆ. ಬಲೆಗೆ ಬಿದ್ದ ಹಕ್ಕಿಯ ಭಾರಕ್ಕೆ ಕೆಳಗಿನ ಜೋಲಿ (ಹಕ್ಕಿ ಬೀಳುವ ಸಡಿಲ ಮಡಿಕೆ) ಇನ್ನಷ್ಟು ಇಳಿಯುತ್ತದೆ. ಅದು ನೀರು ಮುಟ್ಟಿದರೆ ಹಕ್ಕಿ ಮುಳುಗಿ ಸಾಯುತ್ತದೆ, ನೆಲ ಮುಟ್ಟಿದರೆ ಏಡಿಗಳು ಬಿಡುವುದಿಲ್ಲ. ಆ ರಾತ್ರಿಯ ಅತಿ ಹೆಚ್ಚಿನ ನೀರಿನ ಮಟ್ಟಕ್ಕೆ ಗೂಟ ನೆಟ್ಟು ಗುರುತು ಮಾಡಿ, ಅದಕ್ಕಿಂತ ಮೊಣಕಾಲೆತ್ತರ ಮೇಲೆ ಕೆಳಗಿನ ದಾರ ಕಟ್ಟಬೇಕು. ಗಾಳಿ ಎದ್ದರೆ ಬಲೆ ಉಬ್ಬಿ ಬಿಗಿಯಾಗುತ್ತದೆ. ಹಕ್ಕಿ ಬಡಿದು ಪುಟಿದು ಹೋಗುತ್ತದೆ, ಸಿಕ್ಕಿದ್ದಕ್ಕೂ ಪೆಟ್ಟು. ಗಾಳಿ, ಮಳೆ ಎರಡರಲ್ಲೂ ಬಲೆ ಮುಚ್ಚುವುದೇ ಸರಿ. 20 ನಿಮಿಷಕ್ಕೊಮ್ಮೆಯಾದರೂ ಬಲೆ ನೋಡಬೇಕು, ನೀರು ಏರುವಾಗ ಪಕ್ಕದಲ್ಲೇ ಇರಬೇಕು.

ಬಿಡಿಸುವಾಗ ಹಕ್ಕಿ ಯಾವ ಕಡೆಯಿಂದ ಬಿದ್ದಿದೆ ಎಂದು ಮೊದಲು ನೋಡಿ, ಆ ಕಡೆಯಿಂದಲೇ ಕೈ ಹಾಕಿ. ಕೊನೆಗೆ ಸಿಕ್ಕಿಕೊಂಡ ಭಾಗ ಮೊದಲು ಬಿಡಬೇಕು. ಸಾಮಾನ್ಯವಾಗಿ ಅದು ಕಾಲು. ಬಿಡಿಸಿದ ಮೇಲೆ ಹಿಡಿಯುವುದು ಹೀಗೆ: ಕುತ್ತಿಗೆ ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ, ಬೆನ್ನು ಅಂಗೈಗೆ. ಎದೆ ಒತ್ತಿದರೆ ಉಸಿರು ಕಟ್ಟುತ್ತದೆ. ಎರಡು ಮೂರು ನಿಮಿಷಕ್ಕೂ ಬಿಡದಿದ್ದರೆ ದಾರ ಕತ್ತರಿಸಿ, ಬಲೆಯನ್ನು ಆಮೇಲೆ ಹೊಲಿಯಬಹುದು.

ಉಪ್ಪುನೀರು, ಮರಳು ತಾಗಿ ಉಂಗುರ ಸವೆಯದಿರಲಿ ಎಂದು ಈ ಹಕ್ಕಿಗಳಿಗೆ ಅದನ್ನು ಹೆಚ್ಚಾಗಿ ಮಂಡಿಯಂತೆ ಕಾಣುವ ಗೆಣ್ಣಿನ ಮೇಲೆ ಹಾಕುತ್ತಾರೆ. ಇಕ್ಕಳದಲ್ಲಿ ಎರಡು ಸಲ ಒತ್ತಿ: ಮೊದಲ ಒತ್ತಿಗೆ ತುದಿಗಳು ಹತ್ತಿರವಾಗುತ್ತವೆ, ಉಂಗುರವನ್ನು ತುಸು ತಿರುಗಿಸಿ ಇನ್ನೊಮ್ಮೆ ಒತ್ತಿದರೆ ಸಂದಿ ಮುಚ್ಚುತ್ತದೆ. ಕೂದಲೆಳೆ ಸಂದಿ ಉಳಿದರೂ ಬಲೆಯ ದಾರ ಸಿಕ್ಕಿಕೊಳ್ಳುತ್ತದೆ. ಉಂಗುರ ಸಲೀಸಾಗಿ ತಿರುಗಬೇಕು, ಗೆಣ್ಣು ದಾಟಬಾರದು. ನಂಬರ್ ಗಟ್ಟಿಯಾಗಿ ಹೇಳಿ, ಬರೆದವರು ತಿರುಗಿ ಓದಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ರೆಕ್ಕೆಗರಿ ಓದುವ, ಅಂದರೆ ಹಳೆಯ ಗರಿ ಉದುರಿ ಹೊಸದು ಎಷ್ಟು ಬಂದಿದೆ ಎಂದು ನೋಡುವ ಕೆಲಸ. ತುದಿಯ ಹತ್ತು ದೊಡ್ಡ ಗರಿಗಳಿಗೆ ಒಂದೊಂದಾಗಿ ಅಂಕ: ಹಳೆಯದಕ್ಕೆ 0, ಉದುರಿದ ಅಥವಾ ಮೊಳೆತ ಗರಿಗೆ 1, ಪೂರ್ತಿ ಬೆಳೆದ ಹೊಸದಕ್ಕೆ 5. ಹತ್ತೂ ಹೊಸವಾದರೆ ಒಟ್ಟು 50. ಅಕ್ಟೋಬರಿನ ವಯಸ್ಕ ಸ್ಯಾಂಡ್ ಪ್ಲವರ್‌ನಲ್ಲಿ ಒಳಗಿನ ಗರಿಗಳು ಹೊಸವು, ಹೊರಗಿನವು ಸವೆದು ಕಂದಾಗಿರುತ್ತವೆ, ನಡುವೆ ಒಂದು ಖಾಲಿ ಜಾಗ. ಮರಿಯ ಗರಿಗಳೆಲ್ಲ ಒಂದೇ ವಯಸ್ಸಿನವು, ಮೇಲಿನ ಹೊದಿಕೆ ಗರಿಗಳಿಗೆ ತಿಳಿ ಅಂಚು. ಸಿಕ್ಕವುಗಳಲ್ಲಿ ಮರಿಗಳೆಷ್ಟು ಎಂಬುದನ್ನು ವರ್ಷ ವರ್ಷ ಹೋಲಿಸಿದರೆ ದೂರದ ಉತ್ತರದಲ್ಲಿ ಆ ಬೇಸಿಗೆ ಹೇಗಿತ್ತು ಎಂಬುದರ ಸುಳಿವು ಇಲ್ಲಿ ಸಿಗುತ್ತದೆ.

ವಿಂಬ್ರೆಲ್, ಕರ್ಲ್ಯೂಗಳಂಥ ಉದ್ದ ಕಾಲಿನವನ್ನು ಚೀಲದಲ್ಲಿ ಇಡಬೇಡಿ. ಮಡಚಿದ ಕಾಲಿನ ಸ್ನಾಯು ಸೆಟೆದು, ಬಿಟ್ಟಾಗ ನಿಲ್ಲಲೂ ಆಗುವುದಿಲ್ಲ. ಎದ್ದು ನಿಲ್ಲುವಷ್ಟು ಎತ್ತರದ, ಬಟ್ಟೆ ಮುಚ್ಚಿದ ಪೆಟ್ಟಿಗೆ ಬೇಕು. ಅವನ್ನೇ ಮೊದಲು ಮುಗಿಸಿ ಬಿಡಬೇಕು. ಬಿಡುವ ಮುಂಚೆ ಕೆಲವು ನಿಮಿಷ ಕತ್ತಲಿಗೆ ಕಣ್ಣು ಹೊಂದಲಿ. ಮೇಲಕ್ಕೆ ಎಸೆಯದೆ ನೆಲದ ಮೇಲಿಡಿ, ತಾನೇ ಹೋಗುತ್ತದೆ.

ಉಂಗುರ ಹಾಕಿದ ಹಕ್ಕಿಯನ್ನು ಹಗಲಲ್ಲಿ ಕಂಡವರು ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ಕಾಲು (ಹಕ್ಕಿಯ ಎಡ, ನೋಡುವವರ ಎಡವಲ್ಲ), ಗೆಣ್ಣಿನ ಮೇಲೋ ಕೆಳಗೋ, ಮೇಲಿನಿಂದ ಕೆಳಕ್ಕೆ ಬಣ್ಣಗಳು, ಅಕ್ಷರ-ಅಂಕಿ. ಕೆಸರು ಮೆತ್ತಿದ ಬಿಳಿ ಹಳದಿಯಂತೆ ಕಾಣುತ್ತದೆ, ಬಿಸಿಲಿಗೆ ಕಿತ್ತಳೆಯೂ ಮಾಸುತ್ತದೆ. ಸಂಶಯವಿದ್ದರೆ ಹಾಗೆಂದೇ ಬರೆಯಿರಿ. ದಿನಾಂಕ, ಜಾಗ, ಫೋಟೋ ಸೇರಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ರಂಪಣಿ ಬಲೆ ಎಳೆಯುವ ಮೀನುಗಾರರಿಗೆ ಸತ್ತ ಹಕ್ಕಿಯ ಕಾಲಲ್ಲಿ ಉಂಗುರ ಸಿಕ್ಕರೆ ಎಸೆಯದೆ, ಬಿಡಿಸಿ ಚಪ್ಪಟೆ ಮಾಡಿ, ಅಕ್ಷರ-ಅಂಕಿ ಪೂರ್ತಿ ಕಾಣುವಂತೆ ಫೋಟೋ ತೆಗೆಯಲು ಹೇಳಿ.