ಹೆಣ್ಣುಮಗುವಿಗೆ ಹಳೇ ಹೆಸರು ಇಡಬಹುದಾ?

ಕೋಲಾರ, ಚಿಂತಾಮಣಿ ಕಡೆ ತೊಟ್ಟಿಲ ಶಾಸ್ತ್ರ ಹತ್ತಿರವಾದಾಗ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇದನ್ನೇ: "ಅಜ್ಜಿ ಹೆಸರು ಇಡಬೇಕು ಅಂತ ಮನೇಲಿ ಆಸೆ. ಮುನಿಯಮ್ಮ, ವೆಂಕಟಲಕ್ಷ್ಮಮ್ಮ ಅಂತಿಟ್ಟರೆ ನಾಳೆ ಸ್ಕೂಲಲ್ಲಿ ನಗಲ್ವಾ?"

ಇಡಿ. ಆದರೆ ಬಾಲ ಕತ್ತರಿಸಿ ಇಡಿ. ಹೆಸರು ಹಳೇದು ಅನ್ನಿಸುವುದು ಬಹುಪಾಲು ಕೊನೆಯ 'ಅಮ್ಮ'ನಿಂದ. ಗಂಗಮ್ಮ ಗಂಗಾ ಆದರೆ, ಸಾವಿತ್ರಮ್ಮ ಸಾವಿತ್ರಿಯಾದರೆ ಐವತ್ತು ವರ್ಷ ಇಳಿದುಹೋಗುತ್ತದೆ. ವೆಂಕಟಲಕ್ಷ್ಮಮ್ಮ ಇಂಗ್ಲಿಷಿನಲ್ಲಿ ಹದಿನೇಳು ಅಕ್ಷರ. ಅರ್ಜಿಯ ಚೌಕಗಳು ಅವಳಿಗೇ ಮುಗಿದರೆ ಅಪ್ಪನ ಹೆಸರಿಗೆ ಜಾಗವೆಲ್ಲಿ? ಲಕ್ಷ್ಮಿ ಉಳಿಸಿಕೊಂಡರೆ ಸಾಕು, ಅಜ್ಜಿಗೂ ಸಮಾಧಾನ. ಕಷ್ಟದ್ದು ಮುನಿಯಮ್ಮ. ಅದು ಮುನೇಶ್ವರನ ಹೆಸರು. 'ಅಮ್ಮ' ತೆಗೆದರೆ ಉಳಿಯುವ 'ಮುನಿ' ಗಡ್ಡದವನೂ ಹೌದು, ಮುನಿಸೂ ಹೌದು. ಅಂಥದ್ದನ್ನು ತೊಟ್ಟಿಲಲ್ಲಿ ಕಿವಿಗೆ ಹೇಳುವ ಹೆಸರಾಗಿ ಇಟ್ಟುಕೊಂಡು, ಸರ್ಟಿಫಿಕೇಟಿಗೆ ಬೇರೆ ಬರೆಸುವುದು ವಾಸಿ.

ಅತ್ತೆಯ ಹೆಸರೇ ಆದರೆ ಇನ್ನೊಂದು ಫಜೀತಿ. ಸೊಸೆ ಮಗುವನ್ನು ಹೆಸರು ಹಿಡಿದು ಗದರುವ ಹಾಗಿಲ್ಲ. ಕೊನೆಗೆ ಮನೆಮಂದಿಯೆಲ್ಲ 'ಪಾಪ', 'ಪುಟ್ಟಿ' ಅಂತಲೇ ಕರೆದು, ಮಗುವಿಗೆ ತನ್ನ ಹೆಸರು ಗೊತ್ತಾಗುವುದು ಸ್ಕೂಲಿನ ಹಾಜರಿಯಲ್ಲಿ.

ಸೀತಾ ಎಂದಿಡಲು ಕೆಲವರು ಹಿಂಜರಿಯುತ್ತಾರೆ, ಸೀತೆ ಪಟ್ಟ ಕಷ್ಟ ಮಗಳಿಗೆ ಬೇಡ ಅಂತ. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲೇ ಅವಳು ಲವಕುಶರನ್ನು ಹೆತ್ತಳು ಅಂತ ಪ್ರತೀತಿ ಇರುವ ಜಿಲ್ಲೆಯಲ್ಲಿ ಈ ಅಳುಕು ಸಹಜವೇ. ಜಾನಕಿ, ಮೈಥಿಲಿ, ವೈದೇಹಿ ಅವಳವೇ ಹೆಸರುಗಳು, ಇವಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಅಂದಹಾಗೆ ಈಗ ಚಾಲ್ತಿಯಲ್ಲಿರುವ 'ಅವನಿ' ಅಂದರೆ ಭೂಮಿ. ಊರು 'ಆವಣಿ', ದೀರ್ಘವೂ ಬೇರೆ, ಣಕಾರವೂ ಬೇರೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ. ಭೂಮಿಯ ಮಗಳು ಸೀತೆ ಅವನಿಜೆ. ಇಷ್ಟು ಚೆಂದದ ಹೆಸರನ್ನು ಯಾಕೋ ಯಾರೂ ಇಡುತ್ತಿಲ್ಲ.

ನಕ್ಷತ್ರದ ಅಕ್ಷರಕ್ಕೆ ಗಂಟುಬೀಳಬೇಡಿ. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ. ಆರಿದ್ರೆಯ ಪಾದಗಳಿಗೆ ಕು, ಘ, ಙ, ಛ. ಙ ಇಂದ ಶುರುವಾಗುವ ಹೆಸರನ್ನು ಯಾವ ಪುರೋಹಿತರು ತಂದುಕೊಡುತ್ತಾರೆ? ಜನ್ಮನಾಮ ಜಾತಕದಲ್ಲಿರಲಿ, ಕರೆಯುವ ಹೆಸರು ಬೇರೆಯಿರಲಿ.

ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಮೊದಲೇ ತೀರ್ಮಾನವಾಗಿರಬೇಕು. 'ಸೀತಾ' ಎರಡೇ ಅಕ್ಷರ. 'ಇ' ಎರಡೋ 'ಐ' ಒಂದೋ, 'ಟಿ' ಆದಮೇಲೆ 'ಎಚ್' ಬೇಕೋ ಬೇಡವೋ: ನಾಲ್ಕು ಥರ ಬರೆಯಬಹುದು. ಲಕ್ಷ್ಮಿಗೆ 'ಕೆ, ಎಸ್, ಎಚ್' ಅಂತ ಒಬ್ಬರು, 'ಎಕ್ಸ್' ಅಂತ ಇನ್ನೊಬ್ಬರು. ಒಂದು ಕಡೆ ಒಂದು ಥರ ಬಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಅಲೆದಾಟ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಸ್ಕೂಲು, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ದಾಖಲೆ ಜನನ ಪ್ರಮಾಣಪತ್ರವೇ. ಆದ್ದರಿಂದ ಒಂದು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಿ ಬರೆಸಬೇಡಿ.

ಹೆಸರು ಗೊತ್ತಾಗಿಲ್ಲವೆಂದರೆ ಅವಸರ ಮಾಡಿ ಏನೋ ಒಂದು ತುಂಬಿಸಬೇಡಿ. 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ. ಒಮ್ಮೆ ಬರೆಸಿದ್ದನ್ನು ಬದಲಿಸುವುದು ಇಷ್ಟು ಸಲೀಸಲ್ಲ. ಇನ್ನೊಂದು: ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ. ಬಾಣಂತಿ ತವರಿಗೆ ಬಂದು ಚಿಂತಾಮಣಿಯಲ್ಲಿ ಹೆತ್ತಿದ್ದರೆ, ಗಂಡನ ಮನೆ ತುಮಕೂರಾದರೂ ಕಾಗದಪತ್ರ ಚಿಂತಾಮಣಿಯದೇ. ಮೂರು ತಿಂಗಳ ಬಾಣಂತನ ಮುಗಿಸಿ ಹೊರಡುವ ಮುಂಚೆ ಹೆಸರು ಸೇರಿಸಿಕೊಂಡೇ ಹೊರಡಿ.