ಆಧಾರ್ ಕಾರ್ಡಿನಲ್ಲಿದ್ದ ವಿಳಾಸ

ಕಳೆದ ಮಳೆಗಾಲದ ಆರಂಭದಲ್ಲಿ ಮಂಗಳೂರಿನ ಕುಳಾಯಿಯ ಒಂದು ಮನೆಯ ಜಗಲಿಯಲ್ಲಿ ಕುಳಿತು ನಾನು ಆಡಿದ ನಾಲ್ಕು ಮಾತುಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ. ಬಾಲಮಂದಿರಗಳಿಂದ ಹೊರಬರುವ ಯುವಕ ಯುವತಿಯರಿಗೆ ಕೋಣೆ, ಕೆಲಸ, ಬ್ಯಾಂಕ್ ಖಾತೆಗಳನ್ನು ಹೊಂದಿಸಿಕೊಡುವ ಕೆಲಸದಲ್ಲಿ ನಾನು ಮಂಗಳೂರಿನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಅಂದು ನನ್ನೊಡನೆ ಕೋಣೆ ನೋಡಲು ಬಂದಿದ್ದ ಹುಡುಗನ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಆ ದಿನ ಜಗಲಿಯಲ್ಲಿ ಇದೇ ಎಚ್ಚರ ನನಗಿರಬೇಕಿತ್ತು.

ಅವನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಐಟಿಐ ಮುಗಿಸಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದ. ಅವನ ವೈಯಕ್ತಿಕ ಆರೈಕೆ ಯೋಜನೆಯ (ಐಸಿಪಿ) ಕಾಲಂಗಳೆಲ್ಲ ತುಂಬಿದ್ದವು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ (ಡಿಸಿಪಿಯು) ಕಡತ ಹೋಗಿತ್ತು. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಡುವವರಿಗೆ ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ, ಕೊಡಲೇಬೇಕು ಎನ್ನುವುದಿಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಆ ನೆರವು ತಿಂಗಳಿಗೆ 4,000 ರೂಪಾಯಿ. ಆದರೆ ಬಾಡಿಗೆ ಮನೆಯವರು ಕೇಳುವುದು ಹಲವು ತಿಂಗಳುಗಳ ಅಡ್ವಾನ್ಸನ್ನು, ಅದೂ ಕೀಲಿಕೈ ಕೊಡುವ ಮೊದಲು. ಈ ಎರಡರ ನಡುವಿನ ಅಂತರವನ್ನು ಯಾವ ಸಭೆಯಲ್ಲಿ ಎತ್ತಿದರೂ ಅದು ನಡಾವಳಿಯಲ್ಲಿ ದಾಖಲಾಗುವುದನ್ನು ಬಿಟ್ಟರೆ ಬೇರೇನೂ ಆಗಿಲ್ಲ.

ಮೂರು ಕಡೆ 'ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ' ಎಂದು ಕೇಳಿಸಿಕೊಂಡ ಮೇಲೆ ನಾವು ಹೋದ ನಾಲ್ಕನೆಯ ಮನೆ ಅದು. ಯಜಮಾನರು ವಯಸ್ಸಾದವರು, ಸಜ್ಜನರು. ಬೆಲ್ಲ ನೀರು ಕೊಟ್ಟು ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗನ ಕಡೆ ತಿರುಗಿ ತುಳುವಿನಲ್ಲಿ, "ನಿನ್ನ ಇಲ್ಲ್ ಓಲು?" (ನಿನ್ನ ಮನೆ ಎಲ್ಲಿ?) ಎಂದು ಕೇಳಿದರು. ನಮ್ಮೂರಿನಲ್ಲಿ ಎಲ್ಲರೂ ಎಲ್ಲರನ್ನೂ ಮೊದಲು ಕೇಳುವ ಪ್ರಶ್ನೆ ಅದು. ಅವನು ಬೈಕಂಪಾಡಿಯ ಕೆಲಸದ ಬಗ್ಗೆ ಹೇಳಿ ಪ್ರಶ್ನೆಯನ್ನು ದಾಟಿಸಿದ. ಅವರು ತಂದೆಯ ಬಗ್ಗೆ ಕೇಳಿದರು. ಅವನು ಸುಮ್ಮನಾದ. ಆಮೇಲೆ ಕರಾರು ಪತ್ರಕ್ಕೆಂದು ಆಧಾರ್ ಕೇಳಿದರು.

ಅವನ ಕೈ ಅಂಗಿಯ ಜೇಬಿನ ಬಳಿ ಹೋಗಿ ಅಲ್ಲೇ ನಿಂತದ್ದನ್ನು ನಾನು ನೋಡಿದೆ. ಕಾರ್ಡಿನಲ್ಲಿದ್ದದ್ದು ಸಂಸ್ಥೆಯ ವಿಳಾಸ. ಅದನ್ನು ಬದಲಿಸಲು ಹೊಸ ವಿಳಾಸದ ದಾಖಲೆ ಬೇಕು. ಅವನಿಗೆ ಸುಲಭವಾಗಿ ಸಿಗಬಹುದಾದ ದಾಖಲೆ ಬಾಡಿಗೆ ಕರಾರು. ಆ ಕರಾರಿಗೆ ಕೇಳುತ್ತಿದ್ದುದು ಇದೇ ಆಧಾರ್. ಯಜಮಾನರು ತಾವಾಗಿಯೇ ಅದನ್ನು ಓದಿ ಅನುಮಾನಪಡುವುದಕ್ಕಿಂತ ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದೆಂದು ನನಗೆ ತೋರಿತು. ಅವರ ಕನಿಕರದ ಮೇಲೂ ನಾನು ಲೆಕ್ಕ ಹಾಕಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಇವನು ಚಿಕ್ಕಂದಿನಿಂದ ಬಾಲಮಂದಿರದಲ್ಲಿ ಬೆಳೆದವನು, ತನ್ನವರೆಂದು ಯಾರೂ ಇಲ್ಲ, ಬಹಳ ಒಳ್ಳೆಯ ಹುಡುಗ, ಜವಾಬ್ದಾರಿ ನಮ್ಮದು ಎಂದೆ.

ಯಜಮಾನರ ಮುಖ ಗಂಟಾಗಲಿಲ್ಲ, ಕರಗಿತು. ಒಳಗಿನಿಂದ ಹೆಂಡತಿಯನ್ನು ಕರೆದು, ಹುಡುಗನ ಎದುರಿಗೇ ನಾನು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದರು. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಪಾಪ" ಎಂದರು. ಅಡ್ವಾನ್ಸಿನಲ್ಲಿ ಅರ್ಧ ಬಿಟ್ಟರು. ನಾನು ಸಂತೋಷದಿಂದ ಕರಾರಿನ ದಿನದ ಬಗ್ಗೆ ಮಾತನಾಡುತ್ತಿದ್ದಾಗ ಅವನು ನೀರಿನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಮಾಡಿನಿಂದ ನೀರು ಸುರಿಯುತ್ತಿದ್ದ ಅಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಅದು ಸಂಕೋಚವೆಂದು ನಾನು ಭಾವಿಸಿದೆ.

ಬಸ್ ನಿಲ್ದಾಣದಲ್ಲಿ ಅವನು ಹೇಳಿದ: "ನನಗೆ ಆ ಕೋಣೆ ಬೇಡ ಮೇಡಂ. ಅಲ್ಲಿದ್ದರೆ ನಾನು ದಿನಾ ಪಾಪ ಆಗಿರಬೇಕು."

ಅಷ್ಟು ಕಡಿಮೆಗೆ ಬೇರೆ ಎಲ್ಲಿ ಸಿಗುತ್ತದೆ ಎಂದು ನಾನು ವಾದಿಸಿದೆ. ಅವನು ಉತ್ತರ ಕೊಡದೆ ಬಂದ ಬಸ್ಸು ಹತ್ತಿದ. ಮುಂದಿನ ಮೂರು ದಿನ ಅವನ ಮೊಬೈಲ್ ಸ್ವಿಚ್ ಆಫ್ ಆಗಿತ್ತು. ವರ್ಕ್‌ಶಾಪಿಗೆ ಫೋನ್ ಮಾಡಲು ನಂಬರ್ ಒತ್ತಿ, ಅಲ್ಲಿ ನನ್ನನ್ನು ಯಾರೆಂದು ಪರಿಚಯಿಸಿಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ಕೆಳಗಿಟ್ಟೆ. ಇಷ್ಟು ಸಣ್ಣ ವಿಷಯ ನನಗೆ ಅಂದು ಹೊಳೆದದ್ದು ಆ ಕ್ಷಣದಲ್ಲೇ. ಖಾಸಗಿತನವೂ ಗೌಪ್ಯತೆಯೂ ಪ್ರತಿ ಮಗುವಿನ ಹಕ್ಕು ಎಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆಂದು ಹೊಸ ಸಿಬ್ಬಂದಿಗೆ ನಾನೇ ಪಾಠ ಮಾಡುತ್ತೇನೆ. ಹದಿನೆಂಟರವರೆಗೆ ಕಡತದಲ್ಲಿ ಜೋಪಾನವಾಗಿಟ್ಟಿದ್ದ ಅವನ ಬದುಕನ್ನು, ಅವನು ವಯಸ್ಕನಾದ ಮೇಲೆ, ಅವನನ್ನು ಒಂದು ಮಾತೂ ಕೇಳದೆ ಜಗಲಿಯಲ್ಲಿ ಬಿಚ್ಚಿಟ್ಟಿದ್ದೆ. ಮೂರನೆಯ ಸಂಜೆ ಬೈಕಂಪಾಡಿಗೆ ಹೋಗಿ, ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಕೊಡೆ ಹಿಡಿದು ನಿಂತೆ. ಅವನು ಇಬ್ಬರು ಸಹೋದ್ಯೋಗಿಗಳೊಡನೆ ನಗುತ್ತಾ ಹೊರಬಂದ. ನನ್ನನ್ನು ನೋಡಿದ, ಕರೆಯಲಿಲ್ಲ. ನಾನೂ ಕರೆಯಲಿಲ್ಲ. ರಾತ್ರಿ ಅವನೇ ಫೋನ್ ಮಾಡಿದ. ಅವರಲ್ಲೊಬ್ಬನ ಕೋಣೆಯಲ್ಲಿ ಉಳಿದುಕೊಂಡಿದ್ದ. ನಾನು ಕ್ಷಮೆ ಕೇಳಿದೆ.

ನಮ್ಮ ಮೇಲ್ವಿಚಾರಕರಿಗೆ ಇದನ್ನು ವಿವರಿಸುವುದು ಇನ್ನೂ ಕಷ್ಟವಾಯಿತು. ಫಾಲೋಅಪ್ ನಮೂನೆಯಲ್ಲಿ ವಸತಿ 'ಆಗಿದೆ' ಅಥವಾ 'ಆಗಿಲ್ಲ' ಎಂದು ಬರೆಯಲು ಮಾತ್ರ ಜಾಗವಿದೆ. ಸಿಕ್ಕಿದ ಕೋಣೆಯನ್ನು ಬಿಟ್ಟದ್ದಕ್ಕೆ ಅವರು ಷರಾದಲ್ಲಿ 'ಅಸಹಕಾರ' ಎಂದು ಬರೆದರು. ಅದನ್ನು ಹೊಡೆದುಹಾಕಿಸಲು ನನಗೆ ಎರಡು ವಾರ ಹಿಡಿಯಿತು. ಅಡುಗೆ, ಎಟಿಎಂ, ಸಂದರ್ಶನ ಎಲ್ಲವನ್ನೂ ಕಲಿಸುವ ನಾವು, 'ಮನೆ ಎಲ್ಲಿ?' ಎಂಬ ಪ್ರಶ್ನೆಗೆ ಏನು ಹೇಳಬೇಕೆಂದು ಆ ಮಕ್ಕಳೇ ನಿರ್ಧರಿಸಿಕೊಳ್ಳಲು ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ. ಈಗ ಹದಿನೇಳರಲ್ಲೇ ಅದರ ಬಗ್ಗೆ ಕೂತು ಮಾತನಾಡುತ್ತೇವೆ, ಆಧಾರ್ ತೋರಿಸಬೇಕಾದಾಗ ಏನಾಗುತ್ತದೆ ಎಂಬುದನ್ನೂ ಸೇರಿಸಿ.

ಒಂದು ತಿಂಗಳ ನಂತರ ಸುರತ್ಕಲ್‌ನಲ್ಲಿ ಇನ್ನೊಂದು ಕೋಣೆ ನೋಡಲು ಹೋಗುವಾಗ, ನಾನು ಏನು ಹೇಳಲಿ ಎಂದು ದಾರಿಯಲ್ಲೇ ಅವನನ್ನು ಕೇಳಿದೆ. "ನೀವು ಗೇಟಿನ ಹತ್ತಿರ ನಿಲ್ಲಿ ಮೇಡಂ, ಕೇಳಿದರೆ ನಾನೇ ಹೇಳುತ್ತೇನೆ" ಎಂದ. ಒಳಗೆ ಅವನು ಇಪ್ಪತ್ತು ನಿಮಿಷ ಮಾತನಾಡಿ ಕೀಲಿಕೈ ಹಿಡಿದು ಬಂದ. ಆ ಮನೆಯವರಿಗೆ ಅವನು ಏನು ಹೇಳಿದನೆಂದು ನಾನು ಈವರೆಗೆ ಕೇಳಿಲ್ಲ.