ಅವ್ವ ರೊಟ್ಟಿ ಬಡಿಯುವ ಸದ್ದು

ಹೈದರಾಬಾದಿನಲ್ಲಿ ಆರು ವಾರ ಅಕ್ಕನ ಮನೆಯಲ್ಲಿದ್ದು, ಖಿನ್ನತೆಗೆ ಆಯಸ್ಕಾಂತದ ಬಲದಿಂದ ಮಿದುಳನ್ನು ತಟ್ಟುವ ಟಿಎಂಎಸ್ ಚಿಕಿತ್ಸೆ ಮುಗಿಸಿಕೊಂಡು ಕಲಬುರಗಿಗೆ ಬಂದ ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಟಪ ಟಪ ಟಪ. ಸ್ವಲ್ಪ ಹೊತ್ತು ಸುಮ್ನೆ. ಮತ್ತೆ ಟಪ ಟಪ. ಮಲಗಿದಲ್ಲೇ ಎಣಿಸತೊಡಗಿದೆ. ಆ ಮಷೀನಿನ ಸದ್ದೂ ಹೀಗೇ ಇತ್ತು.

ನಾಲ್ಕು ಸೆಕೆಂಡಿನಲ್ಲಿ 40 ಸಲ ಟಕ್ ಟಕ್, ಆಮೇಲೆ 26 ಸೆಕೆಂಡ್ ಬಿಡುವು. ಹೀಗೆ 37 ನಿಮಿಷಕ್ಕೂ ಜಾಸ್ತಿ, ಒಟ್ಟು 3000 ಪೆಟ್ಟು. ವಾರಕ್ಕೆ ಐದು ದಿನ, 30 ಸಲ ಹೋದೆ.

ಎರಡು ವರ್ಷದಲ್ಲಿ ಮೂರು ಬಗೆಯ ಮಾತ್ರೆ ಆಗಿತ್ತು. ಒಂದೊಂದನ್ನೂ ಪೂರ್ತಿ ಡೋಸಿನಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡೆ, ಯಾವುದಕ್ಕೂ ಖಿನ್ನತೆ ಬಗ್ಗಲಿಲ್ಲ. ಯಾರೋ ಹೇಳಿದರು ಅಂತ ಶರಣಬಸವೇಶ್ವರ ಗುಡಿಗೂ ಹೋದೆ, ಕೆರೆ ದಂಡೆಯಲ್ಲೂ ಕೂತೆ. ಆಗೆಲ್ಲ ಈ ರೊಟ್ಟಿ ಸದ್ದು ಕೇಳಿದರೆ ಕೌದಿ ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದೆ. ಮತ್ತೊಂದು ದಿನ ಶುರುವಾಯಿತಲ್ಲ ಅಂತ.

ಮೊದಲ ದಿನ ಚೆನ್ನಾಗಿ ನೆನಪಿದೆ. ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹತ್ತಿಯಂಥದ್ದು ಇಟ್ಟು, ಆ ಮಷೀನಿನ ಕಾಯಿಲನ್ನು, ಅಂದರೆ ತಂತಿ ಸುರುಳಿಯನ್ನು, ತಲೆ ಮೇಲೆ ಅಲ್ಲಿ ಇಲ್ಲಿ ಸರಿಸುತ್ತಾ ಡಾಕ್ಟರು ನನ್ನ ಬಲಗೈಯನ್ನೇ ನೋಡುತ್ತಿದ್ದರು. ಒಂದು ಜಾಗಕ್ಕೆ ಬಂದಾಗ ಹೆಬ್ಬೆರಳು ತಾನಾಗೇ ಜಿಗಿಯಿತು. ನಾನು ಅಲುಗಾಡಿಸಿರಲಿಲ್ಲ! ಬೆರಳು ಎಷ್ಟಕ್ಕೆ ಜಿಗಿಯುತ್ತದೆ ಅನ್ನುವುದರ ಮೇಲೆ ಶಕ್ತಿ ಎಷ್ಟಿರಬೇಕು ಅಂತ ಲೆಕ್ಕ ಹಾಕಿ, ಕಾಯಿಲನ್ನು ಸ್ವಲ್ಪ ಮುಂದಕ್ಕೆ, ಹಣೆಯ ಎಡಗಡೆ ಮೇಲ್ಭಾಗಕ್ಕೆ ತಂದರು. ಹುಣಸೆಬೀಜದಿಂದ ಯಾರೋ ಒಂದೇ ಕಡೆ ಕುಟ್ಟಿದ ಹಾಗೆ. ಮೊದಲ ವಾರ ತಲೆನೋವೂ ಬಂತು.

ಊರಲ್ಲಿ ಮಾತ್ರ 'ತಲೆಗೆ ಕರೆಂಟ್ ಕೊಟ್ರಂತೆ' ಅಂತ ಸುದ್ದಿ. ಹಾಗಲ್ಲ. ಕಾಯಿಲಿನ ಆಯಸ್ಕಾಂತದ ಬಲ ತಲೆಬುರುಡೆ ದಾಟಿ ಹೋಗಿ, ಮಿದುಳಿನ ಆ ಜಾಗದ ನರಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ. ಅರಿವಳಿಕೆ ಇಲ್ಲ, ಎಚ್ಚರವಾಗೇ ಇರುತ್ತೇವೆ, ಮುಗಿದ ಮೇಲೆ ನಾನೇ ಆಟೋ ಹಿಡಿದು ಬರುತ್ತಿದ್ದೆ. ಅರಿವಳಿಕೆ ಕೊಟ್ಟು ತಲೆಗೆ ಕರೆಂಟ್ ಹಾಯಿಸುವ ಇಸಿಟಿ ಚಿಕಿತ್ಸೆ ಬೇರೆ. ಅದರಿಂದಲೂ ಎಷ್ಟೋ ಜನ ಬದುಕಿದ್ದಾರೆ, ಅದರ ಬಗ್ಗೆಯೂ ಹೀಗೆ ಹೆದರಿಸುವುದು ತಪ್ಪು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಅಕ್ಕನೇ ಮೊದಲು ಗಮನಿಸಿದ್ದು, ನಾನು ಹೇಳಿಸಿಕೊಳ್ಳದೇ ಸ್ನಾನಕ್ಕೆ ಎದ್ದಿದ್ದೆ. ಎಲ್ಲರಿಗೂ ಇದು ಫಲ ಕೊಡುವುದಿಲ್ಲ, ನನಗೂ ಮಾತ್ರೆ ಇನ್ನೂ ನಡೆದಿದೆ. ಆದರೆ ಒಂದು ಮಾತು ಮನಸ್ಸಿಗೆ ಚುಚ್ಚುತ್ತಲೇ ಇದೆ: ನನಗೆ ಹೈದರಾಬಾದಿನಲ್ಲಿ ಅಕ್ಕನ ಮನೆ ಇತ್ತು. ಜೇವರ್ಗಿ ಕಡೆಯ ಕೂಲಿ ಹೆಣ್ಣುಮಗಳೊಬ್ಬಳು ಆರು ವಾರ ಎಲ್ಲಿ ಉಳಿಯಬೇಕು?

ಎದ್ದು ಒಲೆ ಹತ್ತಿರ ಹೋಗಿ ಕೂತೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಒಂದು ತಿಂದು ಇನ್ನೊಂದು ಕೇಳಿದೆ. ನನ್ನ ಪಾಲಿಗೆ ಒಂದೇ ಲೆಕ್ಕ ಹಿಡಿದು ಹಿಟ್ಟು ನಾದಿದ್ದ ಅವ್ವ ಏನೂ ಅನ್ನದೆ ಡಬ್ಬಿಯ ಮುಚ್ಚಳ ಮತ್ತೆ ತೆಗೆದಳು.